ಜೋಳದ ಮಲಾಯಿ

ನವೆಂಬರ್ 9, ಭಾನುವಾರ, ಮೈಲೂರ

ಗುಡಿಯಾಳನ್ನು ಇವತ್ತು ಆಸ್ಪತ್ರೆಯಿಂದ ಮನೆಗೆ ಕರೆತಂದೆವು. ಮಲಗಿದ್ದಾಳೆ. ಕೈಯಲ್ಲಿ ಸೂಜಿ ಚುಚ್ಚಿದ ಜಾಗ ಇನ್ನೂ ನೀಲಿಯಾಗಿದೆ.

ಒಂದು ಸಂಗತಿ ಯಾರ ಹತ್ತಿರವೂ ಹೇಳುವಂಥದ್ದಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಮೊದಲ ದಿನ ನರ್ಸ್ ಅವಳ ರಕ್ತ ತೆಗೆದು ಕೊಳವೆಯನ್ನು ಸ್ಟ್ಯಾಂಡಿನಲ್ಲಿ ಇಟ್ಟಿದ್ದಳು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಕೆಳಗೆ ಕೆಂಪು, ಮೇಲೆ ಬಿಳಿ. ಹಾಲು ಕಾಸಿ ಆರಲು ಬಿಟ್ಟಾಗ ಕೆನೆ ಕಟ್ಟುತ್ತದಲ್ಲ, ಹಾಗೆ. ಭಾಲ್ಕಿ ಕಾಲೇಜಿನಲ್ಲಿ ಇಷ್ಟು ವರ್ಷ ರಸಾಯನಶಾಸ್ತ್ರ ಕಲಿಸಿದ್ದೇನೆ, ಇಂಥದ್ದನ್ನು ಕಂಡಿರಲಿಲ್ಲ. ಅದು ನನ್ನ ಮಗಳ ರಕ್ತ ಎನ್ನುವುದನ್ನೇ ಮರೆತು ನೋಡುತ್ತ ನಿಂತುಬಿಟ್ಟಿದ್ದೆ.

ಕಾಯಿಲೆಯ ಹೆಸರು ಮಳೆಗಾಲದಲ್ಲೇ ಹೈದರಾಬಾದಿನ ಡಾಕ್ಟರಿಂದ ಗೊತ್ತಾಗಿತ್ತು. ತಿಂದ ಜಿಡ್ಡನ್ನು ಒಡೆಯುವ ಕಿಣ್ವ ಹುಟ್ಟಿನಿಂದಲೇ ಅವಳಲ್ಲಿ ಕೆಲಸ ಮಾಡುತ್ತಿಲ್ಲ. ಎಣ್ಣೆ, ತುಪ್ಪ, ಕೆನೆ ಏನೇ ತಿಂದರೂ ರಕ್ತದಲ್ಲಿ ತೇಲುತ್ತ ಉಳಿಯುತ್ತದೆ. ಹೆಚ್ಚಾದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳುತ್ತದೆ. "ಊಟವೇ ಇದಕ್ಕೆ ಔಷಧಿ" ಎಂದಿದ್ದರು. ಏಳು ವರ್ಷದ ಹುಡುಗಿಗೆ ಇಡೀ ದಿನಕ್ಕೆ ಎರಡು ಚಮಚ ಎಣ್ಣೆಯಷ್ಟೂ ಜಿಡ್ಡು ಹೋಗಬಾರದು.

ಇಷ್ಟೆಲ್ಲ ಗೊತ್ತಿದ್ದೂ ನಾನು ಕಾಲೇಜಿಗೆ ಹೋದ ಮೇಲೆ ಅತ್ತೆ ಅವಳಿಗೆ ರೊಟ್ಟಿಗೆ ಹಾಲಿನ ಮಲಾಯಿ ಸವರಿ, ಸಕ್ಕರೆ ಉದುರಿಸಿ ಕೊಡುತ್ತಿದ್ದರು. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗಲೇ ಒಪ್ಪಿಕೊಂಡದ್ದು. ನಾನು ಮನೆಗೆ ಬಂದವಳೇ ತುಪ್ಪ, ಹಾಲು ಇಡುವ ಕಪಾಟಿಗೆ ಬೀಗ ಹಾಕಿದೆ. ನನ್ನ ಗಂಡ ಅಖೀಲ ನೋಡಿ, ತಮ್ಮ ಮೋಟಾರ್ ರಿಪೇರಿ ಅಂಗಡಿಗೆ ಹೊರಟುಹೋದರು.

ಗುಡಿಯಾಳಿಗೆ ಬಾಯಿಪಾಠ ಮಾಡಿಸಿದ್ದೇನೆ. ಅನ್ನ ಬಿಟ್ಟು ಬೆಳ್ಳಗಿದ್ದದ್ದು ತಿನ್ನಬಾರದು, ದಾದಿ (ಅತ್ತೆಯನ್ನು ಅವಳು ಕರೆಯುವುದು ಹಾಗೆ) ಕೊಟ್ಟದ್ದು ತಿನ್ನಬಾರದು.

ನವೆಂಬರ್ 14, ಶುಕ್ರವಾರ

ಅವಳು ಏನನ್ನೂ ತಿನ್ನುತ್ತಿಲ್ಲ. ಅನ್ನ, ಬೇಳೆಯ ತಿಳಿ, ಅಷ್ಟೇ. ಅದನ್ನೂ ನನ್ನ ಕೈಯಿಂದ ಮಾತ್ರ. ತೂಕ ಇಳಿದಿದೆ. ಅತ್ತೆ ಬಾಳೆಹಣ್ಣು ಸುಲಿದು ಕೊಡಲು ಹೋದರೆ ಬಾಗಿಲ ಹಿಂದೆ ನಿಂತುಕೊಂಡಳು. ಅತ್ತೆ ಹಣ್ಣನ್ನು ಹಾಗೇ ತಟ್ಟೆಯಲ್ಲಿಟ್ಟು ಒಳಗೆ ಹೋದರು.

ಜಿಡ್ಡಿಲ್ಲದೆ ಅವಳಿಗೆ ಅದೇ ರುಚಿ ಕೊಡಲಾದೀತೇ ಎಂದು ಬಿಡುವಿನ ಪಿರಿಯಡ್‌ನಲ್ಲಿ ಸ್ಟಾಫ್ ರೂಮಿನಲ್ಲಿ ಕೂತು ಓದಿದೆ. ಜಿಡ್ಡನ್ನು ನಾಲಿಗೆ ಹೇಗೆ ಗುರುತಿಸುತ್ತದೆ? ಅದರ ಸೂತ್ರ ನಾಲಿಗೆಗೆ ಗೊತ್ತಿಲ್ಲ. ಸಣ್ಣ ಸಣ್ಣ ಹನಿಗಳು ಒಂದರ ಮೇಲೊಂದು ಜಾರಿ ನಾಲಿಗೆಯನ್ನು ಹೊದ್ದುಕೊಂಡರೆ ಅದನ್ನು ನಾಲಿಗೆ ಕೆನೆ ಅಂದುಕೊಳ್ಳುತ್ತದೆ. ಕಣ ದೊಡ್ಡದಾದರೆ ಮರಳು ಅನ್ನುತ್ತದೆ. ಕೂದಲೆಳೆಯ ದಪ್ಪಕ್ಕಿಂತ ಬಹಳ ಚಿಕ್ಕದಾದರೆ ಮೋಸ ಹೋಗುತ್ತದೆ. ಆ ಹನಿ ಎಣ್ಣೆಯದೇ ಆಗಬೇಕೆಂದಿಲ್ಲ. ನೀರು ಕುಡಿದು ಉಬ್ಬಿದ ಪಿಷ್ಟದ್ದಾದರೂ ಸರಿ. ಪಿಷ್ಟದ ಉದ್ದನೆಯ ಸರಪಳಿಯನ್ನು ಸ್ವಲ್ಪ ಮಾತ್ರ ಕತ್ತರಿಸಿ ತಣ್ಣಗೆ ಇಟ್ಟರೆ ಬೆಣ್ಣೆಯ ಹಾಗೆ ಗಟ್ಟಿಯಾಗುತ್ತದಂತೆ. ತುಂಬ ಕತ್ತರಿಸಿದರೆ ಬರೀ ಸಕ್ಕರೆ ಪಾಕ.

ಕತ್ತರಿಸಲು ಕಿಣ್ವ ಬೇಕು. ಮೊಳಕೆ ಬಂದ ಕಾಳಿನಲ್ಲಿ ಅದು ಇದ್ದೇ ಇರುತ್ತದೆ.

ಪಕ್ಕದಲ್ಲಿ ಸಸ್ಯಶಾಸ್ತ್ರದ ಸಪನಾ ಉತ್ತರ ಪತ್ರಿಕೆ ತಿದ್ದುತ್ತಿದ್ದಳು. ಕೇಳಿದೆ, "ಸಪನಾ, ನಿಮ್ಮ ಊರಾಗ ಬಿಳಿ ಜೋಳ ಚಲೋ ಸಿಗ್ತದೇನು?"

"ಕುಶನೂರಾಗ ಜೋಳ ಸಿಗಂಗಿಲ್ಲೇನ್ರಿ ಮೇಡಂ? ಎಷ್ಟ ಬೇಕು ಹೇಳ್ರಿ, ಆಯಿ ಕಳಸ್ತಾಳ. ರೊಟ್ಟಿಗೇನು?"

"ಮಲಾಯಿಗೆ" ಅಂದೆ. ಅವಳ ಕೈಯಲ್ಲಿದ್ದ ಕೆಂಪು ಪೆನ್ನು ಅಲ್ಲೇ ನಿಂತಿತು.

ನವೆಂಬರ್ 23, ಭಾನುವಾರ

ಜೋಳ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಸೋಸಿ ಸತ್ವ ಇಳಿಸಿಕೊಂಡೆ. ಇನ್ನೊಂದು ಹಿಡಿ ಜೋಳವನ್ನು ಮೊಳಕೆ ಬರಿಸಿ ಒಣಗಿಸಿ, ಮೊಳಕೆಯನ್ನೂ ಬೇರನ್ನೂ ಉಜ್ಜಿ ತೆಗೆದು, ಕಾಳನ್ನಷ್ಟೇ ಬೀಸಿ ಮೊಳಕೆ ಹಿಟ್ಟು ಮಾಡಿಟ್ಟಿದ್ದೆ. ಎಳೆಯ ಜೋಳದ ಮೊಳಕೆಯಲ್ಲಿ ವಿಷ ಇರುತ್ತದೆ, ದನಗಳಿಗೂ ಹಾಕುವುದಿಲ್ಲ. ಅದನ್ನು ಉಜ್ಜುವಾಗ ಕಾಳೊಂದೊಂದನ್ನೂ ಕಣ್ಣಿನ ಹತ್ತಿರ ಹಿಡಿದು ನೋಡಿದೆ.

ಸತ್ವವನ್ನು ನೀರಿನಲ್ಲಿ ಬೇಯಿಸಿ, ಆರಿಸಿ, ಮೊಳಕೆ ಹಿಟ್ಟು ಹಾಕಿದ ತಕ್ಷಣ ಹೆದರಿ ಕುದಿಸಿಬಿಟ್ಟೆ. ಕುದಿಸಿದರೆ ಕಿಣ್ವ ಸಾಯುತ್ತದೆ, ಕತ್ತರಿಸುವುದು ನಿಲ್ಲುತ್ತದೆ. ತುಂಬ ಬೇಗ ನಿಲ್ಲಿಸಿದೆ ಅಂತ ಈಗ ಅನಿಸುತ್ತದೆ. ಫ್ರಿಜ್ಜಿನಿಂದ ತೆಗೆದರೆ ಚಮಚ ಅದರಲ್ಲೇ ನೆಟ್ಟಗೆ ನಿಂತಿತು.

ಬಾಗಿಲಲ್ಲಿ ನಿಂತು ಅತ್ತೆ ನೋಡುತ್ತಿದ್ದರು. ಎಷ್ಟೋ ದಿನಗಳ ಮೇಲೆ ಅವರಾಗಿಯೇ ಮಾತಾಡಿದರು. "ಪೋಸ್ಟರ್ ಅಂಟಿಸ್ಲಾಕ ಚಲೋ ಅದ."

ನಿಜವಾಗಿಯೂ ಅಂಟು. ಗೋಡೆಯ ಕ್ಯಾಲೆಂಡರ್ ಹರಿದಿತ್ತು, ಅಂಟಿಸಿ ನೋಡಿದೆ. ಇನ್ನೂ ಬಿದ್ದಿಲ್ಲ.

ಡಿಸೆಂಬರ್ 2

ಈ ಸಲ ಕುದಿಸಿ ನಿಲ್ಲಿಸುವುದು ತಡವಾಯಿತು. ನೀರು. ಸಿಹಿ ಬೇರೆ. ಸಿಹಿ ಹೆಚ್ಚಾದರೂ ಅವಳ ರಕ್ತಕ್ಕೆ ಒಳ್ಳೆಯದಲ್ಲ ಎಂದು ಹೈದರಾಬಾದಿನ ಆಹಾರತಜ್ಞೆ ಫೋನಿನಲ್ಲಿ ಎಚ್ಚರಿಸಿದರು. "ಗಟ್ಟಿಯಾಗೋ ಹಾಗೆ ಮಾಡಿದ್ರೆ, ಸ್ವಲ್ಪ ಸ್ವಲ್ಪ ಕೊಡಬಹುದು. ನೀರೇ ಜಾಸ್ತಿ ಇರುತ್ತಲ್ಲ" ಎಂದರು. ಅಂಟಿಗೂ ಪಾಕಕ್ಕೂ ನಡುವೆ ಎಲ್ಲೋ ಒಂದು ಜಾಗ ಇದೆ. ಬಹಳ ಕಿರಿದಾದ ಜಾಗ.

ಡಿಸೆಂಬರ್ 13, ಶನಿವಾರ

ಸಿಕ್ಕಿತು!

ಕಾಲೇಜಿನ ಥರ್ಮಾಮೀಟರ್ ತಂದಿದ್ದೆ. ಕುದಿಯುವಷ್ಟಲ್ಲ, ಆದರೆ ಬೆರಳಿಡಲಾಗದಷ್ಟು ಬಿಸಿ ಇದ್ದಾಗ ಮೊಳಕೆ ಹಿಟ್ಟು ಹಾಕಬೇಕು. ಗಂಜಿ ಕಣ್ಣೆದುರೇ ಸಡಿಲವಾಗುತ್ತದೆ. ತಿರುವುವ ಕೈಗೆ ಅದು ಮೊದಲು ಗೊತ್ತಾಗುತ್ತದೆ, ಭಾರ ಇದ್ದಕ್ಕಿದ್ದಂತೆ ಇಳಿಯುತ್ತದೆ. ಆಗ ಕುದಿಸಿ ನಿಲ್ಲಿಸಬೇಕು. ಬೆಳಗ್ಗೆ ಫ್ರಿಜ್ಜಿನಲ್ಲಿ ಬೆಳ್ಳಗೆ, ಮೆತ್ತಗೆ ಹೊಳೆಯುತ್ತ ಕೂತಿತ್ತು. ಚಮಚದಲ್ಲಿ ಎತ್ತಿದರೆ ತುದಿ ಬಾಗುತ್ತದೆ.

ಕೆನೆ ತೆಗೆದ ಹಾಲಿನ ಮೊಸರು ಕಟ್ಟಿ, ಅದನ್ನು ಸೇರಿಸಿ ಕಡೆದೆ. ಚೂರು ಏಲಕ್ಕಿ. ಏನೂ ಹೇಳದೆ ಮಾವನ ಮುಂದೆ ಇಟ್ಟೆ. ಅವರು ಹಲ್ಲಿಲ್ಲದ ಬಾಯಲ್ಲಿ ಹೊರಳಿಸಿ, "ಮಲಾಯಿ ಎಲ್ಲಿಂದ ಬಂತು? ಬೀಗ ಹಾಕೀ ಅಲ್ಲ?" ಎಂದು ಕೇಳಿದರು.

ಸಂತೋಷದಲ್ಲಿ ಅಡುಗೆಮನೆಗೆ ಓಡಿ ನಾನೇ ಮೂರು ಚಮಚ ತಿಂದೆ. ನಾಳೆ ಗುಡಿಯಾಳಿಗೆ.

ಡಿಸೆಂಬರ್ 14

ತಟ್ಟೆ ನೋಡಿದ ಕೂಡಲೇ ಅವಳ ಮುಖ ಬಿಳಚಿತು. ನಾನು ಒಂದು ಚಮಚ ಬಾಯಿಗೆ ಹಿಡಿದೆ. ತುಟಿಗೆ ತಾಗಿದ್ದೇ ತಡ, ವಾಂತಿ. ಅತ್ತು ಅತ್ತು ಮಂಚದ ಕೆಳಗೆ ಸೇರಿಕೊಂಡಳು.

"ಇದು ಮಲಾಯಿ ಅಲ್ಲ ಬೇಟಾ, ಜೋಳದ್ದು. ನಾನೇ ಮಾಡೀನಿ."

"ಮಲಾಯಿನೇ ಅದ! ನನಗ ದವಾಖಾನಿ ಬ್ಯಾಡ ಮಮ್ಮಿ! ಬೆಳ್ಳಗಿದ್ದದ್ದು ತಿನ್ನಬಾರದು ಅಂತ ನೀನೇ ಹೇಳಿದ್ದಿ!"

ಮಾವನಿಗೆ ಮೋಸವಾದಷ್ಟೇ ಚೆನ್ನಾಗಿ ಅವಳಿಗೂ ಮೋಸವಾಯಿತು. ಇನ್ನು ಬರೆಯಲಾರೆ.

ಡಿಸೆಂಬರ್ 27

ಪಾತ್ರೆಯನ್ನು ಚೆಲ್ಲಬೇಕೆಂದಿದ್ದೆ. ಸಪನಾ ಬಿಡಲಿಲ್ಲ. ಡಬ್ಬಿಯನ್ನು ಕಾಲೇಜಿಗೆ ತರಿಸಿಕೊಂಡು ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದಳು, ಆಮೇಲೆ ಅಂಗೈ ಹಿಂಭಾಗಕ್ಕೆ ಸವರಿಕೊಂಡಳು.

"ಮೇಡಂ, ಇದು ಜಾರೋದು ನೋಡ್ರಿ! ರೇಶ್ಮಿ ಆಗೇದ. ನಮ್ಮ ಆಯಿ ಕೈ ತೊಗರಿ ಕೊಯ್ದು ಒಡದು ಹೋಗ್ಯಾವ. ಕ್ರೀಮ್ ಹಚ್ಚಿದ್ರ ಜಿಡ್ಡಾಗಿ ಕುಡಗೋಲು ಜಾರ್ತದ ಅಂತಾಳ. ಇದ್ರದ್ದು ಕ್ರೀಮ್ ಮಾಡೋಣೇನು?"

ಸ್ವಲ್ಪ ಹೊತ್ತಿಗೆ ಕೈ ಬಿಗಿಯಾಯಿತು. ಒಣಗಿದ ಮೇಲೆ ಪಿಷ್ಟ ಚರ್ಮವನ್ನು ಹಿಡಿದು ಎಳೆಯುತ್ತದೆ. ನಾಲಿಗೆ ಯಾವಾಗಲೂ ಒದ್ದೆ, ಕೈ ಹಾಗಲ್ಲ. ಎಣ್ಣೆ ಚರ್ಮದ ನೀರು ಹೋಗದಂತೆ ತಡೆಯುತ್ತದೆ, ಜೋಳ ತನ್ನ ನೀರನ್ನೇ ಉಳಿಸಿಕೊಳ್ಳಲಾರದು. ಅಗಸೆ ಬೀಜ ಕುದಿಸಿ ಸೋಸಿದರೆ ಬರುವ ಲೋಳೆ ಸೇರಿಸಿದರೆ? ಬೀಜ ಒಡೆಯದಿದ್ದರೆ ಎಣ್ಣೆ ಒಳಗೇ ಇರುತ್ತದೆ, ಲೋಳೆ ಸಿಪ್ಪೆಯದ್ದು. ಅದು ಬೇಗ ಒಣಗುವುದಿಲ್ಲ.

ಹದಿನೈದು ದಿನದಲ್ಲಿ ಮೊದಲ ಸಲ ರಾತ್ರಿ ಚೆನ್ನಾಗಿ ನಿದ್ದೆ ಬರುತ್ತದೇನೋ.

ಜನವರಿ 4, ಭಾನುವಾರ

ಅಗಸೆ ಲೋಳೆ ಸೋಸುವಾಗ ಬಟ್ಟೆ ಜಾರುತ್ತಿತ್ತು, ಒಬ್ಬಳಿಗೆ ಆಗುವ ಕೆಲಸವಲ್ಲ. ಅತ್ತೆ ಬಂದು ಇನ್ನೊಂದು ತುದಿ ಹಿಡಿದರು. ಇಬ್ಬರೂ ಹಿಂಡಿದೆವು. ಹಿಂಡುತ್ತಲೇ ಅವರು ಮಾತು ತೆಗೆದರು.

"ಅವತ್ತ ಗುಡಿಯಾ ಸಾಲಿಂದ ಅಳ್ಕೋತ ಬಂದಿದ್ದಳು. ಎಲ್ಲರ ಡಬ್ಬ್ಯಾಗ ಪರಾಠಾ, ಈಕೀದ್ರಾಗ ಅನ್ನ. ಅಳೋ ಕೂಸಿಗೆ ಏನ್ ಕೊಡ್ಲಿ ಅಂತ ನೋಡ್ದೆ. ನನಗ ಗೊತ್ತಿದ್ದದ್ದು ಅದೊಂದೇ. ನನ್ನ ಅಮ್ಮಾ ನನಗ ಹಂಗೇ ಕೊಡ್ತಿದ್ದಳು. ಕೇಳು ರುಖ್ಸಾರ, ಆಕಿ ತಿಂದು ನಕ್ಕಳು. ಮರುದಿನ ಮತ್ತ ಕೇಳಿದಳು."

"ಡಾಕ್ಟರ್ ಹೇಳಿದ್ದು ಗೊತ್ತಿತ್ತಲ್ಲ ನಿಮಗ?"

"ಗೊತ್ತಿತ್ತು. ಒಂದ್ ಚಮಚಾದಿಂದ ಏನಾಗ್ತದ ಅಂದ್ಕೊಂಡೆ." ಬಟ್ಟೆಯನ್ನು ಇನ್ನೊಂದು ಸುತ್ತು ತಿರುವಿದರು. "ಈಗ ನನ್ನ ಕೈ ನೋಡಿದ್ರೇ ಅಂಜ್ತಾಳ."

ನಾನು ಫ್ರಿಜ್ಜಿನಿಂದ ಜೋಳದ್ದನ್ನು ತೆಗೆದು ಚಮಚ ಕೊಟ್ಟೆ. ಕಣ್ಣು ಮುಚ್ಚಿ ತಿಂದರು. "ಕರಗೋದು ಖರೇ ಮಲಾಯಿನೇ. ಆದ್ರ ಹೋಗಿಬಿಡ್ತದ, ಹಿಂದ ಏನೂ ಉಳಿಯಂಗಿಲ್ಲ." ಹೌದಲ್ಲ! ಜಿಡ್ಡು ಪರಿಮಳವನ್ನು ಹಿಡಿದಿಟ್ಟುಕೊಂಡು ಮೆಲ್ಲಗೆ ಬಿಡುತ್ತದೆ, ಇದು ಒಂದೇ ಸಲ ಬಿಟ್ಟುಬಿಡುತ್ತದೆ. ಕೇಸರಿ ಮುಂಚೆಯೇ ನೆನೆಸಿ ಹಾಕಿದರೆ ಅಂದರು. ಹಾಕಿದೆವು. ಪ್ರಯೋಜನವಾಗಲಿಲ್ಲ. ಕೇವಡಾ, ಅದೇ ಕೇದಗೆ ಹೂವಿನ ನೀರು, ಹಾಕಿದೆವು, ಸಾಬೂನಿನ ವಾಸನೆ ಬಂತು. ಇಬ್ಬರಿಗೂ ನಗು.

ಜನವರಿ 18, ಭಾನುವಾರ

ಎಲ್ಲವನ್ನೂ ಬರೆದಿಡಬೇಕು, ಮರೆಯುವ ಮುಂಚೆ.

ಕ್ರೀಮನ್ನು ಸಪನಾಳ ತಾಯಿಗೆ ಕೊಡಲು ಅವರ ಊರು ಠಾಣಾ ಕುಶನೂರಿಗೆ ಹೊರಟೆ. ಗುಡಿಯಾ ಬರುತ್ತೇನೆಂದಳು. ಬಸ್ಸಿನಲ್ಲಿ ಅವಳಿಗೆ ಏನಾದರೂ ಆದರೆ ಒಬ್ಬಳೇ ಏನು ಮಾಡಲಿ ಎಂದು, "ಅಮ್ಮೀ, ನೀವೂ ಬರ್ರಿ" ಅಂತ ಅತ್ತೆಯನ್ನೂ ಕರೆದೆ. ಅವರು ಬುರ್ಖಾ ಹಾಕಿಕೊಂಡು ನನಗಿಂತ ಮೊದಲೇ ಬಾಗಿಲಲ್ಲಿ ನಿಂತಿದ್ದರು. ಭಾಲ್ಕಿಯಲ್ಲಿ ಸಪನಾ ಬಸ್ಸು ಹತ್ತಿದಳು.

ಊರ ತುಂಬ ತೊಗರಿ ರಾಶಿಯ ಧೂಳು. ಸಪನಾಳ ಆಯಿ ಶೇವಂತಾಬಾಯಿ ಅಂಗಳದಲ್ಲಿ ಮೊರ ಹಿಡಿದು ಕೂತಿದ್ದರು. "ಬಾರವ್ವಾ, ಬಾ. ಜೋಳದಿಂದ ಮಲಾಯಿ ಮಾಡೋ ಹೆಣ್ಮಗಳು ನೀನೇ ಏನು?" ಕೈ ನೋಡಿದೆ. ಬೆರಳ ಸಂದಿಯಲ್ಲೆಲ್ಲ ಸೀಳು, ಒಂದೆರಡು ಕಡೆ ರಕ್ತ.

ನಾನು ಎರಡು ಡಬ್ಬಿ ಒಯ್ದಿದ್ದೆ. ಒಂದರಲ್ಲಿ ಜೋಳ ಮತ್ತು ಅಗಸೆ ಲೋಳೆ ಮಾತ್ರ, ಇನ್ನೊಂದರಲ್ಲಿ ಗ್ಲಿಸರಿನ್ ಕೂಡ. ಯಾವುದು ಕೆಲಸ ಮಾಡುತ್ತದೋ ನೋಡಬೇಕಿತ್ತು. ಸಪನಾ ಮೊದಲನೆಯದನ್ನು ತೆರೆದು, "ಗುಡಿಯಾ, ಆಯಿ ಕೈಗೆ ಹಚ್ತೀ ಏನು? ನನ್ನ ಕೈ ಧೂಳಾಗೇದ" ಎಂದಳು.

ನಾನು ಡಬ್ಬಿಗೆ ಕೈ ಚಾಚಿದೆ. ಬೆಳ್ಳಗಿತ್ತಲ್ಲ. ಆದರೆ ಅದು ತಿನ್ನುವುದಲ್ಲ, ಹಚ್ಚುವುದು. ಅವಳು ಹತ್ತಿರ ಹೋದಳು. ಬೆರಳಿನಿಂದ ತೆಗೆದು ಆ ಒಡೆದ ಅಂಗೈಗೆ ಹಚ್ಚತೊಡಗಿದಳು, ಗೊಂಬೆಗೆ ಹಚ್ಚಿದ ಹಾಗೆ.

"ನೋಯ್ತದೇನು ಆಯಿ?"

"ತಂಪಾಗ್ಲಾಕತ್ತದ ನನ್ನವ್ವಾ. ಇನ್ನಾ ಸ್ವಲ್ಪ ಹಚ್ಚು."

"ಇದು ಏನ್ರಿಂದ ಮಾಡ್ಯಾರ?"

"ನಮ್ಮ ಹೊಲದ ಜೋಳ. ಅಕಾ ಆ ಚೀಲದಾಗ ಅದ ನೋಡು, ಅದೇ."

ಗುಡಿಯಾ ಎದ್ದು ಹೋಗಿ ಚೀಲದಲ್ಲಿ ಕೈ ಹಾಕಿ ಒಂದು ಹಿಡಿ ಜೋಳ ತೆಗೆದಳು. ಜೋಳ ನೋಡಿದಳು, ತನ್ನ ಇನ್ನೊಂದು ಕೈಯ ಬೆರಳನ್ನು ನೋಡಿದಳು. ಮೂಸಿದಳು. ಆಮೇಲೆ ಬೆರಳನ್ನು ನೆಕ್ಕಿದಳು.

ನಾನು ಏಳಲು ಹೋದೆ. ಅಮ್ಮಿ ನನ್ನ ಸೆರಗು ಹಿಡಿದು ಕೂರಿಸಿದರು. ಕಣ್ಣಲ್ಲೇ ಬೇಡ ಎಂದರು.

"ರೊಟ್ಟಿ ವಾಸನಿ ಬರ್ತದ" ಅಂದಳು ಗುಡಿಯಾ. ಮತ್ತೆ ನೆಕ್ಕಿದಳು.

ಶೇವಂತಾಬಾಯಿ ಗಲಗಲ ನಕ್ಕರು. "ನನ್ನ ಕೈಗೆ ಹಚ್ಚೋದು ನೀನೇ ತಿಂದ್ರ ಹ್ಯಾಂಗ?"

ಬರುವಾಗ ಬಸ್ಸಿನಲ್ಲಿ ಗುಡಿಯಾ ನನ್ನ ತೊಡೆಯ ಮೇಲೆ ಮಲಗಿದಳು, ಕಾಲು ಅಮ್ಮಿಯ ಮಡಿಲಲ್ಲಿ. ಅಮ್ಮಿ ಆ ಕಾಲುಗಳನ್ನು ಮೈಲೂರದ ತನಕ ಕದಲದಂತೆ ಹಿಡಿದುಕೊಂಡಿದ್ದರು.

ಜನವರಿ 20

ಅವಳಿಗೆ ಹೊಟ್ಟೆನೋವು ಏನೂ ಬರಲಿಲ್ಲ. ಬರುವ ಕಾರಣವೂ ಇರಲಿಲ್ಲ, ಆದರೂ ನಿನ್ನೆ ಇಡೀ ದಿನ ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕಾಯುತ್ತಿದ್ದಳು. ಸಂಜೆ ತಾನೇ ಬಂದು, "ನೋಯ್ಲಿಲ್ಲ ಮಮ್ಮಿ" ಎಂದಳು.

ನಾನು ಇಷ್ಟು ದಿನ ಅದನ್ನು ಮಲಾಯಿಯ ಹಾಗೆ ಮಾಡಲು ಹೆಣಗಿದೆ. ಅವಳಿಗೆ ಹಿಡಿಸಿದ್ದು ಅದು ಜೋಳದ ಹಾಗೆ ಇದ್ದದ್ದು. ಏಲಕ್ಕಿ, ಕೇಸರಿ ಎಲ್ಲ ಬಿಟ್ಟುಬಿಡಬೇಕು. ಇದು ಯಾವ ಪುಸ್ತಕದಲ್ಲೂ ಇರಲಿಲ್ಲ.

ಶೇವಂತಾಬಾಯಿ ಫೋನ್ ಮಾಡಿಸಿದ್ದರು. ಗ್ಲಿಸರಿನ್ ಇದ್ದದ್ದೇ ಒಳ್ಳೆಯದಂತೆ. ಆದರೆ ಹಿಮ್ಮಡಿಗೆ ಎರಡೂ ಸಾಲದು, ಅಲ್ಲಿಗೆ ಎಣ್ಣೆಯೇ ಬೇಕು ಎಂದರು. ಸರಿ. ಎಲ್ಲ ಕಡೆಯೂ ಎಣ್ಣೆಯನ್ನು ತಳ್ಳಿಹಾಕಲು ಬರುವುದಿಲ್ಲ.

ಫೆಬ್ರವರಿ 8, ಭಾನುವಾರ

ಗುಡಿಯಾ ಮತ್ತು ಅಮ್ಮಿ ಜೋಳ ಮೊಳಕೆಗೆ ಕಟ್ಟಿದ್ದಾರೆ. ದಿನಕ್ಕೆ ಹತ್ತು ಸಲ ಬಟ್ಟೆ ಬಿಚ್ಚಿ ನೋಡುವುದೇ ಕೆಲಸ. ಮೊಳಕೆ ಉಜ್ಜುವಾಗ ಗುಡಿಯಾ ಅಮ್ಮಿಗೆ ಪಾಠ ಮಾಡುತ್ತಿದ್ದಳು: "ಇದು ಜಹರ್, ದಾದಿ. ಒಂದೂ ಬಿಡಬಾರದು." ಅಮ್ಮಿ ಕನ್ನಡಕ ಏರಿಸಿಕೊಂಡು ಒಂದೊಂದೇ ಕಾಳು ತೋರಿಸಿ ಪಾಸು ಮಾಡಿಸಿಕೊಳ್ಳುತ್ತಿದ್ದರು.

ಒಮ್ಮೆ ಅಂಟಾಯಿತು, ಒಮ್ಮೆ ಪಾಕವಾಯಿತು. ಇಬ್ಬರೂ ನನ್ನ ದಾರಿಯಲ್ಲೇ ನಡೆಯುತ್ತಿದ್ದಾರೆ. ನಾನು ಸುಮ್ಮನೆ ನೋಡಿದೆ. ಪಿಷ್ಟ ಸಡಿಲವಾಗುವ ಆ ಗಳಿಗೆ ಎಷ್ಟು ಸಲ ನೋಡಿದರೂ ಸಾಲದು.

ಮಾರ್ಚ್ 3

ರೋಜಾ, ರಂಜಾನಿನ ಉಪವಾಸ. ಗಂಟಲು ಒಣಗಿಸಿಕೊಂಡು ಮೂರು ಪಿರಿಯಡ್ ಪಾಠ ಮಾಡಿದೆ. ಸಂಜೆ ರಕ್ತದ ರಿಪೋರ್ಟು ಬಂತು. ಜಿಡ್ಡಿನ ಅಂಶ ಇನ್ನೂ ಹೆಚ್ಚೇ, ಆದರೆ ಅಪಾಯದ ಗೆರೆಯಿಂದ ಕೆಳಗಿದೆ. ತೂಕ ಏರಿದೆ. ಕೊಳವೆಯಲ್ಲಿ ಮೇಲಿನ ಬಿಳಿ ತೆಳುವಾಗಿತ್ತು ಎಂದರು ಅಖೀಲ, ಅವರೇ ಕರೆದುಕೊಂಡು ಹೋಗಿದ್ದರು. ಆಮೇಲೆ ಮುಖ ತೊಳೆಯಲು ಹೋದವರು ಬಹಳ ಹೊತ್ತು ಬರಲಿಲ್ಲ.

ಮಾರ್ಚ್ 21, ಶನಿವಾರ. ಈದ್

ಒಂದೇ ಪಾತ್ರೆ ಖೀರು. ಅದು ಅಮ್ಮಿಯ ತೀರ್ಮಾನ. "ಅಕೀಗೊಂದು ನಮಗೊಂದು ಅಂತ ಎರಡು ಶೀರ್ ಖುರ್ಮಾ ಈ ಮನ್ಯಾಗ ಆಗಂಗಿಲ್ಲ."

ಕೆನೆ ತೆಗೆದ ಹಾಲು, ಎಣ್ಣೆ ಇಲ್ಲದೆ ಹುರಿದ ಶಾವಿಗೆ, ಖರ್ಜೂರ ಸ್ವಲ್ಪ. ಬಾದಾಮಿ, ಚಾರೋಳಿ ಇಲ್ಲ. ಬಿಸಿಯಲ್ಲಿ ಜೋಳದ ಮಲಾಯಿ ಹಾಕಿದರೆ ಕರಗಿ ನೀರಾಗುತ್ತದೆ ಎಂದು ನಾನು ಮೊದಲೇ ಹೇಳಿದ್ದೆ. ನಿನ್ನೆ ನಾನು ಪರೀಕ್ಷೆ ಡ್ಯೂಟಿಗೆ ಹೋದಾಗ ಇಬ್ಬರೂ ಸೇರಿ ಮಲಾಯಿ ಮಾಡಿಟ್ಟಿದ್ದರು. ಇವತ್ತು ಖೀರು ಪೂರ್ತಿ ಆರಿದ ಮೇಲೆ ಅದನ್ನು ಬೆರೆಸಿದರು.

ನಮಾಜು ಮುಗಿಸಿ ಮಾವನ ಜೊತೆ ಪಕ್ಕದ ಮನೆಯ ಅಬ್ದುಲ ಅಜೀಜ ಬಂದರು. ಬಟ್ಟಲು ಮುಟ್ಟಿ, "ಏನ್ ಭಾಬಿ, ಶೀರ್ ಖುರ್ಮಾ ತಣ್ಣಗದ?" ಎಂದರು.

"ನಮ್ಮ ಮನ್ಯಾಗ ಹಿಂಗೇ" ಎಂದರು ಅಮ್ಮಿ. ಅವರ ಮುಂದೆ ಚಮಚ ಇಟ್ಟು, "ತಿನ್ರಿ" ಎಂದರು.

ಅವರು ತಿಂದರು. ಇನ್ನೊಂದು ಬಟ್ಟಲನ್ನೂ ಕೇಳಿದರು. ಮರ್ಯಾದೆಗೆ ಕೇಳಿದರೋ ಹಿಡಿಸಿ ಕೇಳಿದರೋ, ನನಗೆ ಇನ್ನೂ ಅನುಮಾನ.

ಗುಡಿಯಾ ಹೊಸ ಬಟ್ಟೆಯಲ್ಲಿ ಅಮ್ಮಿಯ ಎದುರು ಕೂತಳು. ಅಮ್ಮಿ ಬಟ್ಟಲನ್ನು ಅವಳ ಕೈಗೆ ಕೊಡಲು ಚಾಚಿದರು. ಅವಳು ತೆಗೆದುಕೊಳ್ಳಲಿಲ್ಲ. ಸುಮ್ಮನೆ ಬಾಯಿ ತೆರೆದಳು. ಅಮ್ಮಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಚಮಚ ತುಂಬಿದರು, ಅರ್ಧ ಅವಳ ಹೊಸ ಫ್ರಾಕಿನ ಮೇಲೆ ಚೆಲ್ಲಿತು.

ಬಂದವರಿಗೆಲ್ಲ ಬಡಿಸುವುದರಲ್ಲಿ ನನಗೆ ಬಟ್ಟಲೇ ಉಳಿಯಲಿಲ್ಲ. ಪಾತ್ರೆಯ ತಳ ಕೆರೆದು ತಿಂದೆ. ಚೆನ್ನಾಗಿತ್ತು. ನಾನು ಮಾಡಿದ್ದೆಲ್ಲಕ್ಕಿಂತ ಚೆನ್ನಾಗಿತ್ತು.

ಮಾರ್ಚ್ 25, ಬುಧವಾರ

ಈದ್ ಹಬ್ಬಕ್ಕೆ ಮಾಡಿ ಉಳಿದಿದ್ದ ಮಲಾಯಿಯನ್ನು ಸಪನಾಳಿಗೆ ಸ್ವಲ್ಪ ಒಯ್ದಿದ್ದೆ. ಸೂಕ್ಷ್ಮದರ್ಶಕದಲ್ಲಿ ನೋಡಿ ಅವಳು ಕೂಗಿಯೇಬಿಟ್ಟಳು. ಕಣಗಳು ಇಷ್ಟು ಸಣ್ಣಗೆ, ಇಷ್ಟು ಒಂದೇ ಸಮ ಎಂದೂ ಬಂದಿರಲಿಲ್ಲ. "ಎಷ್ಟೊತ್ತು ಇಟ್ಟಿದ್ರಿ ಮೇಡಂ? ಎಷ್ಟ ಬಿಸಿ ಇತ್ತು?"

ಮನೆಗೆ ಬಂದು ಕೇಳಿದೆ. "ಅಮ್ಮೀ, ಈದ್ ಹಬ್ಬದ ಮಲಾಯಿಗೆ ಮೊಳಕಿ ಹಿಟ್ಟು ಹಾಕಿ ಎಷ್ಟೊತ್ತು ಬಿಟ್ಟಿದ್ರಿ?"

ಅಮ್ಮಿ ತೊಗರಿಬೇಳೆ ಆರಿಸುತ್ತಿದ್ದರು. "ನನಗೇನ್ ಗೊತ್ತು ಬೇಟಾ? ಈಕಿ ಚಮಚಾ ನೆಕ್ಕಿ ನೆಕ್ಕಿ ನೋಡ್ಲಾಕತ್ತಿದ್ದಳು. 'ಬಸ್, ಸಾಕು ದಾದಿ' ಅಂದಳು. ನಾ ಕುದಿಸಿ ಇಳಿಸಿದೆ."

ಗುಡಿಯಾ ಹೋಂವರ್ಕಿನಿಂದ ತಲೆ ಎತ್ತಲಿಲ್ಲ. "ಇನ್ನಾ ಬಿಟ್ಟಿದ್ರ ಸಿಹಿ ಆಗ್ತಿತ್ತು ಮಮ್ಮಿ."

ಸಪನಾಳಿಗೆ ಹೇಳಲು ನಿಮಿಷವೂ ಇಲ್ಲ, ಡಿಗ್ರಿಯೂ ಇಲ್ಲ. ಭಾನುವಾರ ಮತ್ತೆ ಮಾಡುತ್ತಾರಂತೆ. ಪಕ್ಕದಲ್ಲಿ ನಿಂತು ನೋಡಬೇಕು, ಅವಳ ನಾಲಿಗೆಗೆ ಆ ಗಳಿಗೆ ಹೇಗೆ ಗೊತ್ತಾಗುತ್ತದೆ ಅಂತ.